ದಮ್ಮು ಎಲ್ಲಿದೆ?

“ದಮ್ಮು ಉಂಟು ಮೋನೆ, ಬುದ್ಧಿ ಇಲ್ಲ.”

ಗೋಣಿಕೊಪ್ಪದ ಕಡೆಯ ಒಂದು ಮೈದಾನ. ಕೈಲ್‌ಪೊಳ್ದ್ ಕಳೆದು ಮಳೆ ಹೊಳವಾಗಿದ್ದ ಒಂದು ಬೆಳಗ್ಗೆ. ಹೇಳಿದವರು ನಿವೃತ್ತ ಸುಬೇದಾರರು. ಹೇಳಿಸಿಕೊಂಡವನು ಸೇನಾ ಭರ್ತಿಗೆ ತಯಾರಾಗುತ್ತಿದ್ದ ಹತ್ತೊಂಬತ್ತರ ಹುಡುಗ. ಕೆಲವು ವರ್ಷಗಳ ಹಿಂದಿನ ಮಾತು. ಆಗಿನ ನಿಯಮದಲ್ಲಿ 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದರೆ 60 ಅಂಕ, 5 ನಿಮಿಷ 45 ಸೆಕೆಂಡಿನೊಳಗೆ ಮುಗಿಸಿದರೆ 48. ಅದಕ್ಕಿಂತ ಒಂದು ಸೆಕೆಂಡು ಹೆಚ್ಚಾದರೆ ಮನೆಗೆ ಬಸ್ಸು. ಹುಡುಗ 400 ಮೀಟರಿನ ಮೊದಲ ಸುತ್ತನ್ನು 70 ಸೆಕೆಂಡಿಗೆ ಸುತ್ತಿದ, ಎರಡನೆಯದನ್ನು 84ಕ್ಕೆ, ಮೂರನೆಯದಕ್ಕೆ 97 ಹಿಡಿಯಿತು, ಕೊನೆಯದಕ್ಕೆ 95. ಕೂಡಿ ನೋಡಿ: 5 ನಿಮಿಷ 46 ಸೆಕೆಂಡು.

ಹುಲ್ಲಿನ ಮೇಲೆ ಮಂಡಿಗೆ ಕೈಯೂರಿ ಬಗ್ಗಿ ನಿಂತಿದ್ದ ಅವನ ಏದುಸಿರು ಹತ್ತು ಮಾರು ದೂರದಲ್ಲಿದ್ದ ನನಗೂ ಕೇಳುತ್ತಿತ್ತು. ಮೊದಲ ಸುತ್ತಿನಲ್ಲಿ ಅಷ್ಟು ಓಡಬಲ್ಲವನಿಗೆ ದಮ್ಮು ಇಲ್ಲ ಎನ್ನಲಾಗದು. ಕೊನೆಯವರೆಗೆ ಉಳಿಯಲಿಲ್ಲವಲ್ಲ, ಹಾಗಾದರೆ ಇದೆ ಎಂದೂ ಹೇಳುವ ಹಾಗಿಲ್ಲ. ಸುಬೇದಾರರ ಬಾಯಲ್ಲಿ ಬಂದ ಆ ‘ದಮ್ಮು’ ಅಂದಿನಿಂದ ನನ್ನ ಬೆನ್ನು ಹತ್ತಿತು. ಏನದು? ಎಲ್ಲಿಂದ ಬಂತು? ಮೈಯಲ್ಲಿ ಎಲ್ಲಿ ಕೂತಿದೆ?

ಬಂದದ್ದು ಪಾರಸಿಯಿಂದ. ಅಲ್ಲಿ ‘ದಮ್’ ಎಂದರೆ ಉಸಿರು. ಒಂದು ಉಸಿರಿನಷ್ಟು ಹೊತ್ತು, ಅಂದರೆ ಕ್ಷಣ, ಎನ್ನುವುದೂ ಅದೇ. ಇರಾನಿನವರು ಇಂದಿಗೂ ಚಹಾವನ್ನು ‘ದಮ್’ ಮಾಡುತ್ತಾರೆ: ಎಲೆಗೆ ಬಿಸಿನೀರು ಹೊಯ್ದು ಮುಚ್ಚಿಟ್ಟು, ಹಬೆಯಲ್ಲೇ ರಸ ಬಿಡಲು ಕಾಯುವುದು. ಪಾತ್ರೆಯ ಬಾಯಿಗೆ ಕಣಕ ಮೆತ್ತಿ ಉಸಿರು ಹೊರಹೋಗದಂತೆ ಬೇಯಿಸಿದ ಬಿರಿಯಾನಿ ದಮ್ ಬಿರಿಯಾನಿ. ದಖ್ಖನಿನ ಸುಲ್ತಾನರ ಕಾಲದಿಂದ ಈ ಬಗೆಯ ಮಾತುಗಳು ದಖನಿ ಉರ್ದುವಿನ ಹೆಗಲೇರಿ ಕನ್ನಡಕ್ಕೆ ಇಳಿಯುತ್ತಲೇ ಬಂದವು. ಕೊಡಗಿಗೂ ಇವು ಹೊಸವಲ್ಲ. ಹಾಲೇರಿ ಅರಸರ ಕಥೆ ಹೇಳುವ, ದೊಡ್ಡವೀರರಾಜೇಂದ್ರನ ಕಾಲದ ಕನ್ನಡ ಗ್ರಂಥದ ಹೆಸರೇ ‘ರಾಜೇಂದ್ರನಾಮೆ’. ಲಿಂಗರಾಜನ ಆಜ್ಞೆಗಳ ಪುಸ್ತಕ ‘ಹುಕುಂನಾಮೆ’. ಎರಡರ ಬಾಲವೂ ಪಾರಸಿಯದು. ಸುಬೇದಾರ ಎನ್ನುವ ಪದವಿಯ ಹೆಸರೂ ಅದೇ ದಾರಿಯಲ್ಲಿ ಬಂದದ್ದು. ಹಾಗಾಗಿ ಅವರು ‘ದಮ್ಮು’ ಎಂದಾಗ ಒಬ್ಬ ಹಳೆಯ ಪರದೇಶಿ ಇನ್ನೊಬ್ಬನನ್ನು ಕರೆದಂತೆಯೇ ಆಯಿತು. ಆ ಮೈದಾನದಲ್ಲಿ ಕೊಡವತಕ್ಕ್, ಅರೆಭಾಷೆ, ಮಲಯಾಳ, ತುಳು, ಕನ್ನಡ ಎಲ್ಲ ಮನೆಗಳ ಹುಡುಗರೂ ಇದ್ದರು. ‘ದಮ್ಮು’ ಎಂದರೇನು ಎಂದು ಕೇಳಿದವರಿಲ್ಲ.

ಕನ್ನಡಕ್ಕೆ ಬಂದ ಮೇಲೆ ಈ ಪದ ಮಾಡಿದ ಸಂಸಾರ ದೊಡ್ಡದು. ಕಬಡ್ಡಿಯವನು ದಮ್ಮು ಕಟ್ಟಿ ಎದುರಾಳಿಯ ಅಂಗಳಕ್ಕೆ ನುಗ್ಗುತ್ತಾನೆ, ದಮ್ಮು ಬಿಟ್ಟರೆ ಔಟ್. ಬೀಡಿ ಸೇದುವವನು ಒಂದು ದಮ್ಮು ಎಳೆಯುತ್ತಾನೆ. ಚುನಾವಣೆಯ ವೇದಿಕೆಯಲ್ಲಿ ‘ದಮ್ಮಿದ್ದರೆ ಬಾ’ ಎಂದು ಗುಡುಗುವವರಿಗೆ ಅದು ಎದೆಗಾರಿಕೆ. ಸರಕು ಚೆನ್ನಾಗಿಲ್ಲದಿದ್ದರೆ ಸಿನಿಮಾದ ಕಥೆಯಲ್ಲೂ ದಮ್ಮಿಲ್ಲ.

ಆದರೆ ನನಗೆ ಸೋಜಿಗವೆನಿಸುವುದು ಒಂದೇ ಮನೆಯ ಜಗುಲಿಯಲ್ಲಿ ಈ ಪದ ಎರಡು ಮುಖ ತೋರಿಸುವ ಬಗೆ. ಮೊಮ್ಮಗನನ್ನು ನೋಡಿ ‘ಹುಡುಗನಿಗೆ ದಮ್ಮಿದೆ’ ಎಂದರೆ ಹೊಗಳಿಕೆ. ಪಕ್ಕದಲ್ಲೇ ಕಂಬಕ್ಕೊರಗಿ ಕೂತ ಅಜ್ಜನನ್ನು ನೋಡಿ ‘ಅವರಿಗೆ ದಮ್ಮಿದೆ’ ಎಂದರೆ ಕಾಯಿಲೆ. ದಮ್ಮು ಇರುವುದೇ ಬೇರೆ, ದಮ್ಮು ಹತ್ತುವುದೇ ಬೇರೆ. ಕೊಡಗಿನ ಜಡಿಮಳೆಯ ತಿಂಗಳುಗಳಲ್ಲಿ, ಗೋಡೆಗಳೆಲ್ಲ ಬೂಸಲು ಹಿಡಿದು ಕಂಬಳಿ ಒಣಗದೆ ಇರುವಾಗ, ಅಜ್ಜನ ದಮ್ಮು ರಾತ್ರಿಯಿಡೀ ಮನೆಯವರಿಗೆ ಕೇಳುತ್ತಿರುತ್ತದೆ. ಉಬ್ಬಸಕ್ಕೆ ‘ದಮಾ’ ಎನ್ನುವ ಹೆಸರು ಪಾರಸಿ ಬೇರಿನಿಂದಲೇ ಬಂದದ್ದು. ಕನ್ನಡ ಅದನ್ನೂ ಇದನ್ನೂ ಒಂದೇ ಗೂಟಕ್ಕೆ ಕಟ್ಟಿಬಿಟ್ಟಿತು. ಉಸಿರು ಕಾಣಿಸದೇ ಇರುವವರೆಗೆ ಆರೋಗ್ಯ, ಕಾಣಿಸತೊಡಗಿದರೆ ರೋಗ, ಕಾಣಿಸಿದರೂ ಬಗ್ಗದಿದ್ದರೆ ಪೌರುಷ. ಮೂರಕ್ಕೂ ಒಂದೇ ಪದ ಸಾಕೆಂದು ನಮ್ಮವರು ತೀರ್ಮಾನಿಸಿದ್ದಾರೆ.

ನೆಂಟರೆಂದು ಹೇಳಿಕೊಂಡು ಬರುವ ಸುಳ್ಳುನೆಂಟರನ್ನು ಇಲ್ಲೇ ಬಾಗಿಲಲ್ಲಿ ನಿಲ್ಲಿಸೋಣ. ‘ನಿಮ್ಮ ದಮ್ಮಯ್ಯ’ ಎಂದು ಗೋಗರೆಯುವಾಗಿನ ದಮ್ಮಯ್ಯನಿಗೂ ದಮ್ಮಿಗೂ ಸಂಬಂಧವಿಲ್ಲ. ಅವನು ಧರ್ಮ ಸವೆದು ‘ದಮ್ಮ’ ಆದವನು. ಇಂದ್ರಿಯಗಳನ್ನು ಅಡಗಿಸುವ ದಮ, ದಮನ ಸಂಸ್ಕೃತದ ಬೇರೆ ಬೇರು. ದುಡ್ಡು-ದಮ್ಮಡಿಯ ದಮ್ಮಡಿ ನಾಣ್ಯದ ಕುಲದ್ದು. ನಿಜವಾದ ನೆಂಟ ಇನ್ನೊಬ್ಬನಿದ್ದಾನೆ. ಅವನು ನಮ್ಮ ಮನೆಯಲ್ಲೇ, ಬೇರೆ ವೇಷದಲ್ಲಿ, ಬಹುಕಾಲದಿಂದ ಇದ್ದಾನೆ. ಸ್ವಲ್ಪ ತಡೆಯಿರಿ, ಪರಿಚಯ ಮಾಡಿಸುತ್ತೇನೆ.

ದಮ್ಮು ಮೈಯಲ್ಲಿ ಎಲ್ಲಿದೆ ಎಂದು ಯಾರನ್ನು ಕೇಳಿದರೂ ಎದೆ ಮುಟ್ಟಿಕೊಂಡು ಶ್ವಾಸಕೋಶ ತೋರಿಸುತ್ತಾರೆ. ಪದವೂ ಅದನ್ನೇ ಹೇಳುತ್ತದೆ. ಸುಮ್ಮನೆ ಕೂತಾಗ ನಾವು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆದು ಬಿಡುತ್ತೇವೆ. ಜೋರಾಗಿ ಓಡುವ ತರುಣ ಆ ಹುಡುಗನಂತೆ ಏದುಸಿರು ಬಿಡುವಾಗ ಅದು 100 ಲೀಟರ್ ದಾಟುತ್ತದೆ, ಪಳಗಿದವರಲ್ಲಿ 150 ಮೀರುತ್ತದೆ. ನೋಡಿದವರಿಗೆ ಗಾಳಿ ಸಾಲುತ್ತಿಲ್ಲ ಎಂದೇ ಅನಿಸುತ್ತದೆ. ಆದರೆ ಆ ಹೊತ್ತಿನಲ್ಲೇ ಅವನ ಶ್ವಾಸಕೋಶದಿಂದ ಹೊರಡುವ ರಕ್ತವನ್ನು ಪರೀಕ್ಷಿಸಿದರೆ, ಆರೋಗ್ಯವಂತನಲ್ಲಿ ಅದು ಆಮ್ಲಜನಕದಿಂದ ಹೆಚ್ಚುಕಡಿಮೆ ತುಂಬಿಯೇ ಇರುತ್ತದೆ. ತೀರಾ ಮೇಲ್ಮಟ್ಟದ ಕೆಲವು ಓಟಗಾರರಲ್ಲಿ ಮಾತ್ರ ಅದು ಇಳಿಯುವುದುಂಟು. ಅಂದರೆ ಒಳಗೆ ಬರುವ ಗಾಳಿಗೆ ಬರವಿಲ್ಲ. ಬರವಿರುವುದು ಸಾಗಣೆಗೆ. ಗೋದಾಮು ತುಂಬಿದೆ, ಲಾರಿಗಳು ಸಾಲುತ್ತಿಲ್ಲ.

(ಆಮ್ಲಜನಕ ಎಂದೆನಲ್ಲ, ಆ ಪದದ ಬಗ್ಗೆಯೂ ಒಂದು ಮಾತು. ಎಲ್ಲ ಆಮ್ಲಗಳೂ ಈ ಅನಿಲದಿಂದಲೇ ಹುಟ್ಟುತ್ತವೆ ಎಂದು ಫ್ರಾನ್ಸಿನ ಲಾವಾಸಿಯೆ ತಪ್ಪು ತಿಳಿದು ಇಟ್ಟ ಹೆಸರನ್ನು ನಾವು ನಿಷ್ಠೆಯಿಂದ ಅನುವಾದಿಸಿ, ತಪ್ಪನ್ನೂ ಜೊತೆಗೇ ತಂದುಕೊಂಡೆವು. ಹಳ್ಳಿಯ ಆಸ್ಪತ್ರೆಗಳಲ್ಲಿ ಕೇಳುವ ‘ಪ್ರಾಣವಾಯು’ ಹೆಚ್ಚು ಸರಿ. ಆದರೆ ಲಾವಾಸಿಯೆಯನ್ನು ಹಗುರವಾಗಿ ಕಾಣಬಾರದು. ಮನುಷ್ಯ ಕಾಲಿನಿಂದ ಕೆಲಸ ಮಾಡುವಾಗ ಎಷ್ಟು ಪ್ರಾಣವಾಯು ಬಳಸುತ್ತಾನೆ ಎಂದು ಸೆಗ್ಯಾಂ ಎಂಬ ಗೆಳೆಯನನ್ನು ಕೂರಿಸಿ, ಪೆಡಲ್ ಒತ್ತಿಸಿ, ಮೊದಲು ಅಳೆದವನೂ ಅವನೇ. 1794ರಲ್ಲಿ ಅವನ ತಲೆಯನ್ನೇ ಕತ್ತರಿಸಿದರು.)

ಅಳತೆಯನ್ನು ಓಟದ ಮೈದಾನಕ್ಕೆ ತಂದವರಲ್ಲಿ ಮುಖ್ಯ ಹೆಸರು ಇಂಗ್ಲೆಂಡಿನ ಎ. ವಿ. ಹಿಲ್. ಸ್ನಾಯುಗಳ ಶಾಖದ ಮೇಲಿನ ಕೆಲಸಕ್ಕೆ 1922ರ ನೊಬೆಲ್ ಪಡೆದವರು. ತಮ್ಮ ಮೇಲೇ ಪ್ರಯೋಗ ಮಾಡಿಕೊಳ್ಳುವ ಗೀಳು ಅವರದು. ಬೆನ್ನಿಗೆ ದೊಡ್ಡ ರಬ್ಬರಿನ ಚೀಲ ಕಟ್ಟಿಕೊಂಡು, ಬಿಟ್ಟ ಉಸಿರೆಲ್ಲ ಅದರೊಳಗೆ ಬೀಳುವಂತೆ ಬಾಯಿಗೆ ನಳಿಗೆ ಕಚ್ಚಿಕೊಂಡು, ಹುಲ್ಲಿನ ಸಣ್ಣ ವೃತ್ತದಲ್ಲಿ ಸುತ್ತು ಹೊಡೆಯುತ್ತಿದ್ದರು. ಲುಪ್ಟನ್ ಎನ್ನುವವರ ಜೊತೆ 1923ರಲ್ಲಿ ಅವರು ಮುಂದಿಟ್ಟ ಮಾತು ಇಷ್ಟು: ವೇಗ ಹೆಚ್ಚಿದಂತೆ ಮೈ ಬಳಸುವ ಆಮ್ಲಜನಕವೂ ಹೆಚ್ಚುತ್ತದೆ, ಆದರೆ ಒಂದು ಮಟ್ಟ ತಲುಪಿದ ಮೇಲೆ ಎಷ್ಟು ಜೋರಾಗಿ ಓಡಿದರೂ ಅದು ಏರುವುದಿಲ್ಲ. ಆ ಮಾಳಿಗೆಗೆ ಇಂದು ವಿಓ2 ಮ್ಯಾಕ್ಸ್ ಎನ್ನುತ್ತಾರೆ. ಒಂದು ಕಿಲೋ ತೂಕಕ್ಕೆ, ಒಂದು ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎಂದು ಲೆಕ್ಕ. ಸುಮ್ಮನೆ ಕೂತವನಿಗೆ 3.5 ಸಾಕು. ಸಾಮಾನ್ಯ ತರುಣನ ಮಾಳಿಗೆ 40–45ರ ಆಸುಪಾಸು. ದೂರದ ಓಟದ ಜಗಜಟ್ಟಿಗಳದ್ದು 70ರಿಂದ 85.

ಆ ಮಾಳಿಗೆ ಎಲ್ಲಿ ನಿಲ್ಲುತ್ತದೆ ಎನ್ನುವುದನ್ನು ಹೆಚ್ಚಾಗಿ ತೀರ್ಮಾನಿಸುವುದು ಹೃದಯ. ವಿಶ್ರಾಂತಿಯಲ್ಲಿ ಅದು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದೂಡುತ್ತದೆ. ಓಟದ ತುದಿಯಲ್ಲಿ ಸಾಮಾನ್ಯ ಯುವಕನ ಹೃದಯ 20 ಲೀಟರಿನ ಸುತ್ತಮುತ್ತ ದೂಡಿದರೆ, ಪಳಗಿದ ಓಟಗಾರನದ್ದು 30 ಲೀಟರ್ ಮೀರುತ್ತದೆ. ಬಡಿತ ಇಬ್ಬರದೂ ಹೆಚ್ಚುಕಡಿಮೆ ಅಷ್ಟೇ. ಒಂದೊಂದು ಬಡಿತಕ್ಕೆ ಹೊಮ್ಮುವ ರಕ್ತದಲ್ಲಿ ಇದೆ ವ್ಯತ್ಯಾಸ. ತಿಂಗಳುಗಟ್ಟಲೆ ಓಡಿದವನ ಹೃದಯದ ಕೋಣೆ ದೊಡ್ಡದಾಗುತ್ತದೆ, ಮೀನಖಂಡದಲ್ಲಿ ಸಣ್ಣ ರಕ್ತನಾಳಗಳ ಬಲೆ ದಟ್ಟವಾಗುತ್ತದೆ.

ಈಗ ಆ ನೆಂಟನನ್ನು ಕರೆಯುತ್ತೇನೆ. ಹೃದಯದಿಂದ ಹೊರಡುವ ರಕ್ತನಾಳಕ್ಕೆ ನಾವು ‘ಧಮನಿ’ ಎನ್ನುತ್ತೇವೆ. ಊದು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದ ಪದ. ಊದುವ ಕೊಳವೆ, ನಾಳ. ಪಾರಸಿಯ ‘ದಮೀದನ್’, ಅಂದರೆ ಊದುವುದು, ಅದರ ‘ದಮ್’, ಎರಡೂ ಇದೇ ಪುರಾತನ ಬೇರಿನ ಇನ್ನೊಂದು ಕವಲು. ಒಂದೇ ಅಜ್ಜಿಯ ಮೊಮ್ಮಕ್ಕಳಲ್ಲಿ ಒಬ್ಬ ಇರಾನಿನಲ್ಲಿ ಬೆಳೆದು, ಮಹಾಪ್ರಾಣ ಇಲ್ಲದೆ, ಕುದುರೆಯೇರಿ ದಖ್ಖನಿಗೆ ಬಂದ. ಇನ್ನೊಬ್ಬ ಸಂಸ್ಕೃತದ ಮನೆಯಲ್ಲಿ ಬೆಳೆದು ವೈದ್ಯಗ್ರಂಥ ಹಿಡಿದು ಬಂದ. ಕನ್ನಡದ ಅಂಗಳದಲ್ಲಿ ಇಬ್ಬರೂ ಭೇಟಿಯಾದರು, ಗುರುತು ಹಿಡಿಯಲಿಲ್ಲ. ದಮ್ಮು ಎದೆಯ ಗಾಳಿಯಲ್ಲಿದೆ ಎಂದು ನಾವು ಹುಡುಕುತ್ತಿರುವಾಗ ಅದು ಧಮನಿಯಲ್ಲಿ ಹರಿಯುತ್ತಿತ್ತು.

ರಕ್ತ ಎಂದಮೇಲೆ ಹುಡುಗಿಯರ ಮಾತು ಬರಲೇಬೇಕು. ಆಮ್ಲಜನಕವನ್ನು ಹೊರುವ ಲಾರಿ ಹಿಮೋಗ್ಲೋಬಿನ್. ಅದಕ್ಕೆ ಕಬ್ಬಿಣ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ. ಶಾಲೆಯ ಕ್ರೀಡಾಕೂಟದಲ್ಲಿ 800 ಮೀಟರಿಗೆ ನಿಂತ ಹುಡುಗಿ ಒಂದೂವರೆ ಸುತ್ತಿಗೆ ಕುಸಿದರೆ ಪಿ.ಟಿ. ಮೇಷ್ಟ್ರು ‘ದಮ್ಮಿಲ್ಲ’ ಎಂದು ಪಟ್ಟಿಯಿಂದ ಹೆಸರು ಹೊಡೆಯುತ್ತಾರೆ. ಅವಳ ಶ್ವಾಸಕೋಶ ಚೆನ್ನಾಗಿಯೇ ಇರಬಹುದು, ಛಲಕ್ಕೂ ಕೊರತೆ ಇರಲಿಕ್ಕಿಲ್ಲ. ಹೆಸರು ಹೊಡೆಯುವ ಮೊದಲು ಒಂದು ಹನಿ ರಕ್ತ ಪರೀಕ್ಷಿಸುವುದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಆಗುವ ಕೆಲಸ. ಕೊಡಗಿನ ಪ್ರಮೀಳಾ ಅಯ್ಯಪ್ಪ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ಹೆಪ್ಟಾಥ್ಲಾನ್ ನೆನೆಯಿರಿ: ಎರಡು ದಿನ ಹಾರಿ, ಎಸೆದು, ಓಡಿ ಮೈ ಹಣ್ಣಾದ ಮೇಲೆ ಕೊನೆಯಲ್ಲಿ ಕಾದಿರುವುದು ಅದೇ 800 ಮೀಟರ್.

ಕೊಡಗಿನವರಿಗೆ ಇಲ್ಲಿ ಒಂದು ಹೆಮ್ಮೆಯ ಮಾತಿದೆ: ಬೆಟ್ಟದ ಗಾಳಿ ಕುಡಿದವರಿಗೆ ದಮ್ಮು ತಾನಾಗಿ ಬರುತ್ತದೆ ಎಂದು. ಕೇಳಲು ಹಿತ, ಲೆಕ್ಕಕ್ಕೆ ನಿಲ್ಲುವುದಿಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರ. ಗಾಳಿಯ ಒತ್ತಡ ಕರಾವಳಿಗಿಂತ ಎಂಟನೆಯ ಒಂದು ಪಾಲಿನಷ್ಟು ಕಡಿಮೆ. ರಕ್ತದ ಕೆಂಪುಕಣ ಹೆಚ್ಚಿಸಿಕೊಳ್ಳಲು ಓಟಗಾರರು ವಾರಗಟ್ಟಲೆ ಹೋಗಿ ಕೂರುವ ಜಾಗಗಳು 2,000 ಮೀಟರಿನ ಮೇಲಿನವು. ಕೀನ್ಯಾದ ಇಟೆನ್ ಸುಮಾರು 2,400 ಮೀಟರ್. ನಮ್ಮಲ್ಲಿ ಎಲ್ಲಕ್ಕಿಂತ ಎತ್ತರದ ತಡಿಯಂಡಮೋಳ್ ಕೂಡ 1,748ಕ್ಕೆ ನಿಲ್ಲುತ್ತದೆ, ಅಲ್ಲಿ ಯಾರೂ ಮನೆ ಮಾಡಿಲ್ಲ. ಕೊಡಗು ಕೊಡುವುದು ತೆಳುಗಾಳಿಯಲ್ಲ, ಏರುದಾರಿ. ತೋಟದ ಲೈನಿನಿಂದ ಶಾಲೆಗೆ, ಗದ್ದೆಯಿಂದ ಐನ್‌ಮನೆಗೆ, ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುವ ಕಾಲು. ಜೊತೆಗೆ ತಂಪು ಹವೆ, ಮೈ ಬಿಸಿಯೇರುವ ಮೊದಲೇ ಓಟ ಮುಗಿದಿರುತ್ತದೆ. ಈಗ ಶಾಲೆಗೆ ವ್ಯಾನು ಬಂದಿದೆ, ಆ ಲಾಭವೂ ಖೋತಾ.

ಪ್ರಯೋಗಾಲಯ ಇಲ್ಲದ ಊರಿನಲ್ಲಿ ಈ ಮಾಳಿಗೆಯನ್ನು ಅಳೆಯುವುದು ಹೇಗೆ? ಅಮೆರಿಕದ ವಾಯುಪಡೆಯ ವೈದ್ಯ ಕೆನ್ನೆತ್ ಕೂಪರ್ 1968ರಲ್ಲಿ ಹೇಳಿದ ಉಪಾಯ ಈಗಲೂ ಬಳಕೆಯಲ್ಲಿದೆ: 12 ನಿಮಿಷದಲ್ಲಿ ಎಷ್ಟು ದೂರ ಓಡುತ್ತೀಯೋ ಓಡು. ಮೀಟರಿನಲ್ಲಿ ಬಂದ ದೂರದಿಂದ 504.9 ಕಳೆದು 44.73ರಿಂದ ಭಾಗಿಸಿದರೆ ನಿನ್ನ ಅಂಕಿ. 2,400 ಮೀಟರಿಗೆ 42, 2,800ಕ್ಕೆ 51, 3,000ಕ್ಕೆ 56. ಒರಟು ಲೆಕ್ಕ, ಆದರೂ ನೂರು ಹುಡುಗರನ್ನು ಒಂದು ಸೀಟಿಯಲ್ಲಿ ಅಳೆಯಬಹುದು. ಭರ್ತಿ ರ‍್ಯಾಲಿಯ ಒಂದು ಮೈಲಿಯ ಹಿಂದಿರುವುದೂ ಇದೇ ಯೋಚನೆ. 5 ನಿಮಿಷ 30 ಸೆಕೆಂಡಿನ ವೇಗಕ್ಕೆ ಸಮತಟ್ಟು ನೆಲದಲ್ಲಿ ಕಿಲೋಗೆ ನಿಮಿಷಕ್ಕೆ ಸುಮಾರು 62 ಮಿಲಿಲೀಟರ್ ಆಮ್ಲಜನಕ ಬೇಕಾಗುತ್ತದೆ. ನಮ್ಮ ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಗಂಡಸರು 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಅದಕ್ಕೆ ಸುಮಾರು 53. ಮಾಳಿಗೆ ಅಷ್ಟು ಎತ್ತರ ಇಲ್ಲದವನು ಉಳಿದದ್ದನ್ನು ಆಮ್ಲಜನಕದ ಹಂಗಿಲ್ಲದ ದಾರಿಯಿಂದ, ಸಾಲ ತಂದಂತೆ, ತರಬೇಕು. ನಮ್ಮ ಹುಡುಗ ಮೊದಲ ಸುತ್ತಿನಲ್ಲೇ ಸಾಲವನ್ನೆಲ್ಲ ತೆಗೆದು ಮುಗಿಸಿದ್ದ.

ನಾನೂ ಒಮ್ಮೆ, ವಯಸ್ಸಿನ ಹುಂಬತನದಲ್ಲಿ, ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಟ್ರೆಡ್‌ಮಿಲ್ ಹತ್ತಿದ್ದೆ. ಮೂಗು ಬಾಯಿ ಎರಡನ್ನೂ ಮುಚ್ಚುವ ರಬ್ಬರಿನ ಮಾಸ್ಕು, ಅದರ ತುದಿಗೆ ಕೊಳವೆ, ಎದೆಗೆ ಪಟ್ಟಿ. ನಿಮಿಷಕ್ಕೊಮ್ಮೆ ವೇಗ ಏರುತ್ತದೆ, ಆಮೇಲೆ ನೆಲವೇ ಏರು ಹಿಡಿಯುತ್ತದೆ. ಮಾಸ್ಕಿನೊಳಗೆ ಮಾತಾಡುವ ಹಾಗಿಲ್ಲ. ‘ಎಷ್ಟು ಕಷ್ಟ?’ ಎಂದು ಕೇಳಲು ಮುಖದೆದುರು ಒಂದು ಹಲಗೆ ಹಿಡಿಯುತ್ತಾರೆ. ಸ್ವೀಡನ್ನಿನ ಬೋರ್ಗ್ ಮಾಡಿದ 6ರಿಂದ 20ರ ಅಳತೆಗೋಲು. ನಾನು ಬೆರಳಿನಲ್ಲಿ 13 ತೋರಿಸಿದೆ, ಆಮೇಲೆ 16, ಕೊನೆಗೆ 19. 20 ಏಕಿಲ್ಲ ಎಂದು ಹಲಗೆ ಹಿಡಿದಿದ್ದ ಹುಡುಗಿ ಕಣ್ಣಲ್ಲೇ ಕೇಳಿದಳು. ಬಂದ ಅಂಕಿ 38. ಹೇಳಿಕೊಳ್ಳುವಂಥದ್ದಲ್ಲ, ಆದರೂ ಹೇಳಿದ್ದೇನೆ.

ಆದರೆ ಮಾಳಿಗೆಯ ಎತ್ತರವೇ ಎಲ್ಲವೂ ಆಗಿದ್ದರೆ ಓಟದ ಬದಲು ಪರೀಕ್ಷೆ ನಡೆಸಿ ಪದಕ ಕೊಡಬಹುದಿತ್ತು. ಆಸ್ಟ್ರೇಲಿಯಾದ ಡೆರೆಕ್ ಕ್ಲೇಟನ್ 1969ರಲ್ಲಿ ಮ್ಯಾರಥಾನನ್ನು 2 ಗಂಟೆ 8 ನಿಮಿಷ ಚಿಲ್ಲರೆಗೆ ಓಡಿ ವಿಶ್ವದಾಖಲೆ ಮಾಡಿದವನು. ಅವನ ಅಂಕಿ 69.7. ಅದೇ ಕಾಲಘಟ್ಟದಲ್ಲಿ 80 ದಾಟಿದವರಿಗೂ ಆ ದಾಖಲೆ ಸಿಗಲಿಲ್ಲ. ಅವನ ಗುಟ್ಟು ಎರಡು. ಒಂದು, ಪ್ರತಿ ಹೆಜ್ಜೆಗೆ ಖರ್ಚಾಗುವ ಆಮ್ಲಜನಕ ಕಡಿಮೆ, ಜಿಪುಣನ ಓಟ. ಎರಡು, ಮಾಳಿಗೆಗೆ ತೀರಾ ಹತ್ತಿರದ ಮಟ್ಟದಲ್ಲಿ ಬಹಳ ಹೊತ್ತು ನಿಲ್ಲಬಲ್ಲ ಶಕ್ತಿ.

ಈ ಎರಡನೆಯದರ ಗಡಿಗೆ ಶಾಸ್ತ್ರದಲ್ಲಿ ಹಲವು ಹೆಸರು, ಹಲವು ಜಗಳ. ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಲ್ಯಾಕ್ಟೇಟ್ ಎಷ್ಟಿದೆ ಎಂದು ನೋಡುತ್ತಾರೆ. ಮೆಲ್ಲನೆ ಓಡುವಾಗ ಅದು ಹುಟ್ಟಿದಷ್ಟೂ ಖರ್ಚಾಗುತ್ತದೆ, ಸ್ನಾಯು ಹೃದಯಗಳೇ ಅದನ್ನು ಉರುವಲು ಮಾಡಿಕೊಳ್ಳುತ್ತವೆ. ಒಂದು ವೇಗದ ನಂತರ ರಕ್ತದಲ್ಲಿ ಸೇರತೊಡಗುತ್ತದೆ. ಅಲ್ಲಿಂದ ಮುಂದೆ ಉಸಿರಾಟದ ಲಯವೇ ಬದಲಾಗುತ್ತದೆ. ಉಸಿರಾಡು ಎಂದು ಮೈಯನ್ನು ಒತ್ತಾಯಿಸುವುದು ಹೆಚ್ಚಾಗಿ ಆಮ್ಲಜನಕದ ಕೊರತೆಯಲ್ಲ, ರಕ್ತದಲ್ಲಿ ತುಂಬುವ ಇಂಗಾಲದ ಡೈಆಕ್ಸೈಡ್. ಕಬಡ್ಡಿಯವನು 30 ಸೆಕೆಂಡು ದಮ್ಮು ಕಟ್ಟುವುದೂ ಆ ಒತ್ತಾಯವನ್ನು ತಡೆದುಕೊಳ್ಳುವ ಕಲೆಯೇ. ಅವನ ದಮ್ಮು ಬೇರೆ, ಮೈಲಿ ಓಡುವವನ ದಮ್ಮು ಬೇರೆ. ಪದ ಮಾತ್ರ ಒಂದು.

ಇಲ್ಲಿಗೆ ಬಂದಾಗ ಪಾರಸಿಯ ಅತಿಥಿಯನ್ನು ಬಿಟ್ಟು ಮನೆಯ ಯಜಮಾನನನ್ನು ಮಾತಾಡಿಸಬೇಕಾಗುತ್ತದೆ. ಉಸಿರು. ತಮಿಳು ಮಲಯಾಳಗಳಲ್ಲಿ ಇದು ‘ಉಯಿರ್’, ಅರ್ಥ ಜೀವ. ತೆಲುಗಿನ ‘ಉಸುರು’ ಕೂಡ ಜೀವವೇ. ತಮಿಳರು ಸ್ವರಾಕ್ಷರಗಳನ್ನು ‘ಉಯಿರ್’ ಅಕ್ಷರಗಳೆಂದು ಕರೆಯುತ್ತಾರೆ, ವ್ಯಂಜನಕ್ಕೆ ಜೀವ ತುಂಬುವುದು ಅವೇ ಎಂದು. ಇಂಥ ದ್ರಾವಿಡ ನೆಂಟಸ್ತಿಕೆಗಳನ್ನೆಲ್ಲ ಒಂದೆಡೆ ಸೇರಿಸಿದ ನಿಘಂಟನ್ನು 1961ರಲ್ಲಿ ಬರೋ ಅವರ ಜೊತೆ ಹೊರತಂದ ಎಮಿನೋ ಕೊಡವತಕ್ಕ್ ಅಭ್ಯಾಸ ಮಾಡಿದವರು. ಅವರಿಗಿಂತ ಹಿಂದೆ 1894ರಲ್ಲಿ ಕನ್ನಡ ಕೋಶ ಕೊಟ್ಟ ಕಿಟೆಲ್ ಕೆಲಕಾಲ ಮಡಿಕೇರಿಯಲ್ಲಿ ಇದ್ದವರು. ನಮ್ಮ ಪದಗಳ ಜಾತಕ ಬರೆದವರಿಬ್ಬರೂ ಈ ಮಂಜಿನಲ್ಲಿ ಓಡಾಡಿದವರು ಎನ್ನುವುದು ನನಗೆ ಸಣ್ಣ ಸಂತೋಷ.

ಕನ್ನಡ ಈ ಪದಕ್ಕೆ ಕೊಟ್ಟ ವಿಶೇಷ ಅರ್ಥವೊಂದಿದೆ. ಹಳಗನ್ನಡ, ನಡುಗನ್ನಡಗಳಲ್ಲಿ ಉಸಿರ್, ಉಸುರು ಎಂದರೆ ಹೇಳು. ಕಾವ್ಯಗಳಲ್ಲಿ ದೂತರು ಸುದ್ದಿಯನ್ನು ಉಸುರುತ್ತಾರೆ. ಇಂದಿಗೂ ಗುಟ್ಟನ್ನು ಕಿವಿಯಲ್ಲಿ ಉಸುರುತ್ತೇವೆ. ‘ಈ ವಿಷಯ ಯಾರ ಹತ್ತಿರವೂ ಉಸಿರೆತ್ತಬೇಡ’ ಎಂದರೆ ಉಸಿರಾಟ ನಿಲ್ಲಿಸು ಎಂದಲ್ಲ, ಬಾಯಿ ಬಿಡಬೇಡ ಎಂದು. ಮಾತು ಎನ್ನುವುದು ಹೊರಹೋಗುವ ಉಸಿರನ್ನು ಹಿಡಿದು ಬಿಟ್ಟು ಮಾಡುವ ಕೆಲಸ ಎಂಬುದನ್ನು ವ್ಯಾಕರಣ ಕಲಿಯುವ ಮುಂಚೆಯೇ ಭಾಷೆ ಅರಿತಿತ್ತು. ಓಡುತ್ತ ಮಾತಾಡುವುದು ಕಷ್ಟವಾಗುವುದು ಏಕೆಂದರೆ, ಇಂಗಾಲದ ಡೈಆಕ್ಸೈಡನ್ನು ಹೊರಹಾಕಲು ಬೇಕಾದ ಅದೇ ಉಸಿರನ್ನು ಮಾತೂ ಕೇಳುತ್ತದೆ. ಒಂದು ವಾಕ್ಯ ಆಡುವಷ್ಟು ಹೊತ್ತು ಉಸಿರನ್ನು ಹಿಡಿದಿಡಲು ಮೈ ಒಪ್ಪದ ಹಂತವೇ ಗಡಿ.

ಅಮೆರಿಕದ ವಿಸ್ಕಾನ್ಸಿನ್-ಲಾಕ್ರಾಸ್ ವಿಶ್ವವಿದ್ಯಾಲಯದ ಕಾರ್ಲ್ ಫಾಸ್ಟರ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಓಡುವವರಿಂದ ಅಲ್ಲಿನ ಶಾಲಾ ಪ್ರತಿಜ್ಞೆಯನ್ನು ಹೇಳಿಸಿ, ‘ಆರಾಮವಾಗಿ ಮಾತಾಡಬಲ್ಲೆಯಾ?’ ಎಂದು ಕೇಳಿದರು. ಹೌದು ಎನ್ನುವವರೆಗೆ, ಲ್ಯಾಕ್ಟೇಟ್ ಸೇರತೊಡಗುವ ಮೊದಲ ಗಡಿಯ ಕೆಳಗೆ. ‘ಆಡಬಲ್ಲೆ, ಆದರೆ…’ ಎನ್ನುವುದು ಗಡಿಯ ಆಸುಪಾಸು. ಇಲ್ಲ ಎಂದರೆ, ಅದು ರಾಶಿ ಬೀಳತೊಡಗುವ ಎರಡನೆಯ ಗಡಿಯ ಹತ್ತಿರ. ಮಾಸ್ಕು, ಸೂಜಿ, ಯಂತ್ರ ಯಾವುದೂ ಇಲ್ಲದೆ, ಯಂತ್ರದ ಉತ್ತರಕ್ಕೆ ಸಾಕಷ್ಟು ಹತ್ತಿರ.

ಸುಬೇದಾರರಿಗೆ ಇದನ್ನು ಯಾರೂ ಓದಿ ಹೇಳಿರಲಿಲ್ಲ. ಮರುವಾರ ಅವರು ಸ್ಕೂಟರಿನಲ್ಲಿ ಹುಡುಗನ ಪಕ್ಕದಲ್ಲೇ ಬರುತ್ತ ಮಾತಿಗೆಳೆದರು.

“ಬೆಳಗ್ಗೆ ಏನು ತಿಂದಿದ್ದು?”

“ಪಾಪುಟ್ಟು ಮಾಡಿದ್ರು ಅಂಕಲ್, ನಿನ್ನೆಯ ಕೋಳಿಸಾರು ಇತ್ತು.”

ಸ್ವಲ್ಪ ವೇಗ ಹೆಚ್ಚಿಸಿದರು. “ಗದ್ದೆ ಕೆಲಸ ಆಯ್ತಾ?”

“ಆಯ್ತು… ಕಳೆ ಬಾಕಿ.”

ಇನ್ನೂ ಸ್ವಲ್ಪ. “ಅಪ್ಪ ಮನೆಯಲ್ಲಿದ್ದಾರಾ?”

“ಹ್ಞೂಂ.”

ಮುಂದಿನ ಪ್ರಶ್ನೆಗೆ ತಲೆಯಾಡಿಸಿದ, ಅಷ್ಟೇ. ಸುಬೇದಾರರು ಸ್ಕೂಟರಿನ ಮೀಟರು ನೋಡಿಕೊಂಡರು. “ಕಳೆ ಬಾಕಿ” ಎಂದ ವೇಗದಲ್ಲಿ ವಾರಕ್ಕೆರಡು ದಿನ ಇಪ್ಪತ್ತು ನಿಮಿಷ, “ಪಾಪುಟ್ಟು” ಎಂದ ವೇಗದಲ್ಲಿ ಉಳಿದ ದಿನ ಮುಕ್ಕಾಲು ಗಂಟೆ. ತಲೆಯಾಡಿಸಿದ ವೇಗ ವಾರಕ್ಕೊಮ್ಮೆ, ಅದೂ ಸುತ್ತಿಗೊಂದು ವಿರಾಮ ಕೊಟ್ಟು. ಅವರ ತರಬೇತಿ ಪತ್ರ ಅಷ್ಟೇ. ದೇಶವಿದೇಶದ ಕೋಚುಗಳು ಪುಟಗಟ್ಟಲೆ ಬರೆಯುವುದರ ತಿರುಳೂ ಹೆಚ್ಚುಕಡಿಮೆ ಇದೇ: ಬಹುಪಾಲು ಮಾತಾಡುತ್ತ ಓಡು, ಸ್ವಲ್ಪ ಪಾಲು ಮಾತು ನಿಲ್ಲಿಸಿ ಓಡು.

ಓಟದ ಮಾತು ಬಂದಾಗ ಕೊಡಗಿನ ಹಳೆಯ ಪರೀಕ್ಷೆಯೊಂದನ್ನು ಬಿಡಬಾರದು. ನಾಟಿ ಮುಗಿದ ದಿನ ಮನೆಯ ದೊಡ್ಡ ಗದ್ದೆಯಲ್ಲಿ ನಾಟಿ ಓಟ ನಡೆಯುತ್ತಿತ್ತು. ಗೆದ್ದವನಿಗೆ ಬಾಳೆಗೊನೆ, ತೆಂಗಿನಕಾಯಿ, ವೀಳ್ಯದೆಲೆ. ಗದ್ದೆಗಳು ಪಾಳು ಬಿದ್ದ ಕಾಲದಲ್ಲಿ ಅದರ ಹೊಸ ಅವತಾರ ಕಗ್ಗೋಡ್ಲುವಿನಂಥ ಊರುಗಳ ಕೆಸರುಗದ್ದೆ ಕ್ರೀಡಾಕೂಟ. ಗಟ್ಟಿನೆಲದಲ್ಲಿ ಓಡುವಾಗ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ರಬ್ಬರಿನಂತೆ ಹಿಗ್ಗಿ, ಒತ್ತಿದ ಶಕ್ತಿಯ ಒಂದು ಪಾಲನ್ನು ಹಿಂದಿರುಗಿಸುತ್ತದೆ. ಮೆತ್ತನೆಯ ನೆಲ ಅದನ್ನು ನುಂಗಿಬಿಡುತ್ತದೆ. ಮರಳಿನಲ್ಲಿ ಓಡಲು ಗಟ್ಟಿನೆಲದ 1.6 ಪಟ್ಟು ಶಕ್ತಿ ಬೇಕೆಂದು 1998ರಲ್ಲಿ ಬೆಲ್ಜಿಯಂನವರು ಅಳೆದರು. ಮೊಣಕಾಲುದ್ದದ ಕೆಸರಿಗೆ ಮರಳು ಎಲ್ಲಿ ಸಾಟಿ? ಜಿಪುಣನ ಓಟ ಅಲ್ಲಿ ನಡೆಯುವುದಿಲ್ಲ. ಕೆಸರಿನಲ್ಲಿ ಗೆದ್ದವನು ಟ್ರ್ಯಾಕಿನಲ್ಲೂ ಗೆಲ್ಲುತ್ತಾನೆ ಎನ್ನುವಂತಿಲ್ಲ, ಆದರೆ ಅವನಿಗೆ ದಮ್ಮಿಲ್ಲ ಎಂದು ಹೇಳುವ ದಮ್ಮು ನನಗಿಲ್ಲ.

ನಿಮಗೂ ಒಂದು ಕೆಲಸ ಕೊಡುತ್ತೇನೆ. ನಾಳೆ ಓಡಲು ಹೋದಾಗ, ಓಟ ಆಗದಿದ್ದರೆ ಏರುದಾರಿಯಲ್ಲಿ ಬಿರುಸಾಗಿ ನಡೆಯುವಾಗ, ಕ ಖ ಗ ಘ ಎಂದು ವರ್ಣಮಾಲೆಯನ್ನು ಗಟ್ಟಿಯಾಗಿ ಹೇಳಿ. ನಮ್ಮ ವ್ಯಾಕರಣದವರು ಖ, ಘ, ಛ, ಝಗಳಿಗೆ ಮಹಾಪ್ರಾಣ ಎಂದು ಸುಮ್ಮನೆ ಹೆಸರಿಟ್ಟಿಲ್ಲ. ಅವಕ್ಕೆ ಉಸಿರು ಜಾಸ್ತಿ ಬೇಕು. ಘ ನಿಮಗೆ ಅರಿವಿಲ್ಲದೆ ಗ ಆದ ಜಾಗದಲ್ಲಿ ಗಡಿಯಾರ ನೋಡಿಕೊಳ್ಳಿ. ತಿಂಗಳು ಬಿಟ್ಟು ಅದೇ ದಾರಿಯಲ್ಲಿ ಅದೇ ವೇಗದಲ್ಲಿ ಮತ್ತೆ ಹೇಳಿ ನೋಡಿ. ಎದೆ ಹಿಂಡಿದಂತಾದರೆ ಮಾತ್ರ ವರ್ಣಮಾಲೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ, ಅದು ದಮ್ಮಿನ ಪ್ರಶ್ನೆಯಲ್ಲ.

ಆ ಹುಡುಗ ಎಂಟು ವಾರದ ಮೇಲೆ ಅದೇ ಮೈದಾನದಲ್ಲಿ ಮತ್ತೆ ಓಡಿದ. ಸುತ್ತುಗಳು 80, 84, 88, 86. ಒಟ್ಟು 5 ನಿಮಿಷ 38 ಸೆಕೆಂಡು. 48 ಅಂಕದ ಓಟ.